ಮೊಳದ ಹಾಡಿನ ಹಿಂದೆ ಮೂರು ಊರು

ಪರ್ತ್: ಮೊದಲು ಹೂವು ಹೋಯಿತು

ಅಮ್ಮ ಮುಡಿಸಿ ಕಳಿಸಿದ್ದ ಒಂದು ಮೊಳ ದುಂಡುಮಲ್ಲಿಗೆಯನ್ನು ಆಸ್ಟ್ರೇಲಿಯಾ ಸರ್ಕಾರ ನನ್ನ ಜಡೆಯಿಂದ ಬಿಚ್ಚಿಸಿಕೊಂಡಿತು. ಪರ್ತ್ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ, ಹುರಿಗಾಳು, ಕೊಬ್ಬರಿ ಮಿಠಾಯಿ ಎಲ್ಲವನ್ನೂ ನಾನು ಪ್ರಾಮಾಣಿಕವಾಗಿ ತೋರಿಸಿದ್ದೆ. ಯಾವುದಕ್ಕೂ ತಕರಾರು ಬರಲಿಲ್ಲ. ಕೊನೆಗೆ ಅಲ್ಲಿನ ಅಧಿಕಾರಿಣಿ ನನ್ನ ತಲೆಯ ಹಿಂದೆ ಬಗ್ಗಿ ನೋಡಿ, "ಇದು ನಿಜವಾದ ಹೂವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೂವಾಡಗಿತ್ತಿಯ ಮಗಳಿಗೆ ಕೇಳುವ ಪ್ರಶ್ನೆಯೇ ಅದು? "ಪ್ಲಾಸ್ಟಿಕ್ ಹೂವು ಮುಡಿಯೋ ಜನ ಅಲ್ಲ ನಾವು" ಎನ್ನುವ ಅರ್ಥದಲ್ಲಿ ಎದೆಯುಬ್ಬಿಸಿ "ಯೆಸ್" ಅಂದೆ. ಅವರು ಒಂದು ಟ್ರೇ ಮುಂದೆ ಹಿಡಿದರು. ಹುಳು ಹುಪ್ಪಟೆ ಬರುತ್ತದೆಂದು ಹಸಿ ಹೂವು ಒಳಗೆ ಬಿಡುವುದಿಲ್ಲವಂತೆ. ಹಿಂದಿನ ಸಾಲಿನವರೆಲ್ಲ ನೋಡುತ್ತಿದ್ದ ಹಾಗೆಯೇ ನಾನು ಹೇರ್‌ಪಿನ್ ಕಿತ್ತು, ವಿಮಾನದಲ್ಲೇ ಅರ್ಧ ಬಾಡಿದ್ದ ಹೂವನ್ನು ಟ್ರೇಗೆ ಹಾಕಿದೆ. "ಸಾರಿ, ಲವ್" ಎಂದರು ಆಕೆ. ನಮ್ಮೂರ ಬಸ್ ಕಂಡಕ್ಟರು ಎಲ್ಲ ಹೆಂಗಸರನ್ನೂ "ಅಮ್ಮ" ಅನ್ನುವ ಹಾಗೆ ಇಲ್ಲಿ ಎಲ್ಲರನ್ನೂ "ಲವ್" ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಹೂವು ಕಿತ್ತುಕೊಂಡು ಪ್ರೀತಿ ಬೇರೆ ತೋರಿಸ್ತಾರಲ್ಲ ಅನ್ನಿಸಿತ್ತು.

ನಾನು ಅರಸೀಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿ. ಊರವರ ಬಾಯಲ್ಲಿ "ಡ್ರಿಲ್ ಟೀಚರ್". ಅದನ್ನು ಎರಡನೇ ದರ್ಜೆಯ ಮೇಷ್ಟ್ರಗಿರಿ ಎಂದುಕೊಂಡವರಿದ್ದಾರೆ. ಇರಲಿ. ನಮ್ಮ ವಂಶದಲ್ಲಿ ಡಿಗ್ರಿ ಎನ್ನುವುದು ನನ್ನಿಂದಲೇ ಶುರುವಾಯಿತು. ಖೋಖೋದಲ್ಲಿ ಗೆದ್ದ ಮೆಡಲ್ ತೋರಿಸಿ ಕ್ರೀಡಾ ಕೋಟಾದಲ್ಲಿ ಕಾಲೇಜು ಸೇರಿದೆ, ಬಿ.ಪಿ.ಎಡ್. ಮುಗಿಸಿದೆ, ಕೆಲಸ ಹಿಡಿದೆ. ತಂಗಿ ಗೀತಾಳನ್ನು ನರ್ಸಿಂಗ್ ಓದಿಸಿದೆ. ಅವಳು ಈಗ ಪರ್ತಿನಲ್ಲಿ ವೃದ್ಧರ ಆರೈಕೆಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾಳೆ. ಗಂಡ ರಘು ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಮಗಳು ಸಿರಿಗೆ ಹದಿನೈದು. 2018ರ ಬೇಸಿಗೆ ರಜೆಯಲ್ಲಿ ನಾನು ಹೋದದ್ದು ತಂಗಿಯ ಮನೆ ನೋಡಲಿಕ್ಕೆ. ತಿರುಗಾಡಿದ್ದೆಲ್ಲ ಮಾತ್ರ ಒಂದು ಕೊರಿಯನ್ ಹಾಡಿನ ಹಿಂದೆ.

ಕ್ಯಾನಿಂಗ್ಟನ್: ಗಾಜಿನ ಮುಂದೆ

ನನ್ನನ್ನು ಮೊದಲು ಬೆರಗುಗೊಳಿಸಿದ್ದು ಬರಿಗಾಲು. ಕ್ಯಾನಿಂಗ್ಟನ್‌ನ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಎಂಥೆಂಥ ಕಾರುಗಳಿಂದ ಇಳಿದವರು ಚಪ್ಪಲಿಯಿಲ್ಲದೆ ಹಾಲು, ಬ್ರೆಡ್ಡು ಕೊಳ್ಳುತ್ತಿದ್ದರು. ನಾನು ಎಂಟನೇ ಕ್ಲಾಸಿನವರೆಗೂ ಬರಿಗಾಲಲ್ಲಿ ಶಾಲೆಗೆ ಹೋದವಳು. ಅಂದು ನಾಚಿಕೆಪಟ್ಟದ್ದನ್ನು ಇಲ್ಲಿನವರು ಆರಾಮಕ್ಕೆಂದು ಮಾಡುತ್ತಿದ್ದಾರೆ. ರಘುವಿಗೆ ಹೇಳಿದರೆ, "ಅಯ್ಯೋ ಅಕ್ಕ, ನಾನೂ ಈಗ ಸರ್ವೋಗೆ ಪೆಟ್ರೋಲ್ ಹಾಕ್ಸಕ್ಕೆ ಹಂಗೇ ಹೋಗ್ತೀನಿ" ಎಂದು ಪಾದ ಎತ್ತಿ ತೋರಿಸಿದ.

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮಲ್ಲಿ ಡ್ರೈವರ್ ಸ್ಟಾಪಿನಲ್ಲಿ ನಿಲ್ಲಿಸಿದರೇ ದೊಡ್ಡದು. ನಾನೂ ಗಟ್ಟಿಯಾಗಿ ಹೇಳಿದೆ. ಮೈದಾನದ ಗಂಟಲಾದ್ದರಿಂದ ಡ್ರೈವರ್ ಬೆಚ್ಚಿಬಿದ್ದ. ಸಿರಿ ನನಗೂ ತನಗೂ ಸಂಬಂಧವಿಲ್ಲವೆಂಬಂತೆ ನಾಲ್ಕು ಮಾರು ಮುಂದೆ ಹೋಗಿ ನಿಂತಳು.

ಸಿರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನೂ ಅವಳ ಗೆಳತಿಯರ ಮಾತನ್ನೂ ಇಲ್ಲಿ ನಾನು ಕನ್ನಡ ಮಾಡಿಯೇ ಬರೆಯುತ್ತೇನೆ. ಸಂಜೆಯಾದರೆ ಅವಳು ಮತ್ತು ನಾಲ್ವರು ಹುಡುಗಿಯರು ಶಾಪಿಂಗ್ ಸೆಂಟರಿನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಅಂಗಡಿಯೊಂದರ ಮುಂದೆ ಸೇರುತ್ತಿದ್ದರು. ಅಂಗಡಿಯ ದೊಡ್ಡ ಗಾಜೇ ಅವರ ಕನ್ನಡಿ. ಕೊರಿಯಾದ ಐದು ಹುಡುಗಿಯರ ತಂಡವೊಂದು ಹಿಂದಿನ ವರ್ಷ ಬಿಟ್ಟಿದ್ದ ಹಾಡಿಗೆ, ಆ ಐವರು ಕುಣಿದ ಹಾಗೆಯೇ, ಬೆರಳು ಕೊಂಕಿಸುವುದೂ ಬಿಡದೆ ಕುಣಿಯುವುದು ಇವರ ಗುರಿ. ಊರೂರಿಂದ ಇಂಥ ತಂಡಗಳು ಬರುವ ಸ್ಪರ್ಧೆ ರಜೆಯ ಕೊನೆಗೆ ಅಡಿಲೇಡಿನಲ್ಲಿತ್ತು.

ನಾನು ಮೂಗು ಮುರಿಯಲಿಕ್ಕೆಂದೇ ನೋಡಲು ಹೋದೆ. ಹಾಡಿನ ಮುಖ್ಯ ವರಸೆ ನೋಡಿ ಹತ್ತಿರ ಹೋಗಿ ನಿಂತೆ. ಎಡ ಮುಂಗೈ ನೀಡಿ, ಬಲಗೈಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು, ತಟ್ಟನೆ ಆಚೆ ಎಸೆಯುವುದು. ಥೇಟ್ ಹೂವು ಮೊಳ ಹಾಕಿದ ಹಾಗೆ!

"ನಿಮ್ಮಜ್ಜಿ ದಿನಾ ಸ್ಟೇಷನ್ ಮುಂದೆ ಇದನ್ನೇ ಮಾಡ್ತಾಳಲ್ಲೇ" ಅಂದೆ.

"ಅಜ್ಜಿ ಇಷ್ಟು ಫಾಸ್ಟ್ ಮಾಡ್ತಾರಾ?"

"ಇದಕ್ಕಿಂತ ಫಾಸ್ಟು. ಗಿರಾಕಿಗೆ ಗೊತ್ತಾಗದ ಹಾಗೆ ನಾಲ್ಕು ಬೆರಳು ಉಳಿಸ್ತಾಳೆ ಬೇರೆ."

ಐವರೂ ನಕ್ಕರು. ಅಂದಿನಿಂದ ನನ್ನ ಪಾಲಿಗೆ ಅದು ಮೊಳದ ಹಾಡು.

ಕುಣಿತ ನಾನಂದುಕೊಂಡಷ್ಟು ಸಡಿಲವಾಗಿರಲಿಲ್ಲ. ಐವರೂ ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತಾರೆ. ಈಗ ಹಿಂದಿದ್ದವಳು ಮುಂದೆ, ಮುಂದಿದ್ದವಳು ಅಂಚಿಗೆ. ಹಾಡಿನಲ್ಲಿ ಯಾರ ಸಾಲು ಬರುತ್ತದೋ ಅವಳು ನಟ್ಟನಡುವೆ. ಅದಕ್ಕೆ ಇವರು "ಸೆಂಟರ್" ಅನ್ನುತ್ತಾರೆ. ಕೊನೆಯ ಪಲ್ಲವಿಗೆ ಮುಂಚೆ ವಾದ್ಯಗಳೆಲ್ಲ ನಿಂತು ಒಬ್ಬಳ ದನಿ ಮಾತ್ರ ಕೇಳುವ ಎರಡು ಸಾಲುಗಳಿವೆ. ಆ ಎರಡು ಸಾಲಿಗೆ ಸೆಂಟರ್ ನಮ್ಮ ಸಿರಿ. ತಂಡದ ನಾಯಕಿ ಲಿನ್ ಎಂಬ ವಿಯೆಟ್ನಾಂ ಮೂಲದ ಹುಡುಗಿ. ಉಳಿದವರನ್ನು ಗದರಿಸಿಯೇ ಆ ಜಾಗವನ್ನು ಸಿರಿಗೆ ಕೊಡಿಸಿದ್ದಳಂತೆ. ಸಿರಿ ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ. ಆ ಎರಡು ಸಾಲು ಬಂದಾಗ ಮಾತ್ರ ಕತ್ತು ನಿಮಿರುತ್ತಿತ್ತು, ಕಣ್ಣು ಬೇರೆಯೇ ಆಗುತ್ತಿತ್ತು. ಮನೆಯಲ್ಲಿ ಹಲ್ಲುಜ್ಜುವಾಗಲೂ ಅದನ್ನೇ ಮಾಡುತ್ತಿದ್ದಳು. ಪೇಸ್ಟು ಗೋಡೆಗೆ ಹಾರುತ್ತಿತ್ತು.

ಗೀತಾ ಅವಳನ್ನು ಅಷ್ಟು ದೂರ ಕಳಿಸಲು ಒಪ್ಪಿರಲಿಲ್ಲ. ಕೊನೆಗೆ ಹೇಳಿದಳು: "ಅಕ್ಕ, ನೀನು ಹೆಂಗೂ ಬ್ರಿಸ್ಬೇನಿಗೆ ಹೋಗ್ತಿದೀಯ. ಇವಳನ್ನೂ ಕರ್ಕೊಂಡು ಹೋಗಿ, ಅಲ್ಲಿಂದ ಅಡಿಲೇಡ್ ಮುಗಿಸ್ಕೊಂಡು ಬಾ. ನೀನಿದ್ರೆ ನಂಗೆ ಧೈರ್ಯ." ನಾನು ಸಿರಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆಂದು ನಾನು ತಿಳಿದೆ. ಇಂಗ್ಲಿಷ್ ಸರಿಯಾಗಿ ಬಾರದ ದೊಡ್ಡಮ್ಮನನ್ನು ತಾನು ಕರೆದುಕೊಂಡು ಹೋಗುತ್ತಿದ್ದೇನೆಂದು ಸಿರಿ ಗೆಳತಿಯರಿಗೆಲ್ಲ ಹೇಳಿದ್ದಳು.

ಬ್ರಿಸ್ಬೇನ್: ಸೀಟಿ ಊದಿದ್ದು

ಬ್ರಿಸ್ಬೇನಿಗೆ ನನ್ನನ್ನು ಕರೆದಿದ್ದವನು ಮಂಜುನಾಥ. ನಾನು ಕೆಲಸಕ್ಕೆ ಸೇರಿದ ವರ್ಷದ ಖೋಖೋ ಹುಡುಗ, ಈಗ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್. ತಲೆಯಲ್ಲಿ ಕೂದಲು ಕಡಿಮೆಯಾಗಿದೆ, ಭಯಭಕ್ತಿ ಕಡಿಮೆಯಾಗಿಲ್ಲ. ಅವನದೇ ಮನೆಯಲ್ಲಿ ನಾನು ಕೂರುವವರೆಗೂ ಅವನು ಕೂರಲಿಲ್ಲ.

"ಮಿಸ್, ಈ ಆರ್ವೋ ಬಾರ್ಬಿ ಇಟ್ಕೊಂಡಿದೀನಿ. ನೀವು ಚಿಕನ್ ತಿಂತೀರಲ್ವಾ?"

ಆರ್ವೋ ಎಂದರೆ ಮಧ್ಯಾಹ್ನದ ಮೇಲೆ, ಬಾರ್ಬಿ ಎಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಡುವುದು. ಇಲ್ಲಿನವರು ಪೂರ್ತಿ ಪದ ಉಚ್ಚರಿಸಲೂ ಸೋಮಾರಿಗಳು. ಅಡುಗೆ ಮಾತ್ರ ಗಂಡಸರೇ ಮಾಡುತ್ತಾರೆ. ಹೆಂಗಸರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಈ ಪದ್ಧತಿಯನ್ನು ಮೊದಲು ವಿಮಾನದಲ್ಲಿ ನಮ್ಮೂರಿಗೆ ಕಳಿಸಬೇಕು. ಹೂವಿನ ಹಾಗೆ ಯಾರೂ ತಡೆಯಲಾರರು.

ಮರುದಿನ ಶನಿವಾರ. ಊರ ನಡುವಿನ ಚೌಕಕ್ಕೆ ಸಿರಿ ನನ್ನನ್ನೂ ಮಂಜುನಾಥನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಕೊರಿಯನ್ ಹಾಡುಗಳ ಒಂದು ವಿಚಿತ್ರ ಆಟ. ಸ್ಪೀಕರಿನಲ್ಲಿ ಯಾವುದೋ ಹಾಡಿನ ತುಂಡು ಬರುತ್ತದೆ. ಅದರ ಕುಣಿತ ಗೊತ್ತಿದ್ದವರು ಸುತ್ತಲಿಂದ ಓಡಿ ನಡುವಿಗೆ ಬಂದು ಕುಣಿಯಬೇಕು. ತುಂಡು ಮುಗಿದ ಕೂಡಲೇ ಓಡಿ ಹೊರಗೆ ಹೋಗಬೇಕು. ಮೊದಲೇ ಹೆಸರು ಕೊಡುವಂತಿಲ್ಲ, ಕರೆಯುವವರಿಲ್ಲ, ಕಳಿಸುವವರಿಲ್ಲ.

ಮೊಳದ ಹಾಡು ಬಂತು. ಸಿರಿ ಓಡಿದಳು. ಎಲ್ಲಿದ್ದರೋ, ಜನ ನುಗ್ಗಿದರು. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಗಡ್ಡದವನೊಬ್ಬ, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿಯರು, ಸೂಪರ್‌ಮಾರ್ಕೆಟ್ಟಿನ ಸಮವಸ್ತ್ರದಲ್ಲೇ ಬಂದ ಹೆಂಗಸು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಆದರೂ ಪ್ರತಿಯೊಬ್ಬರೂ ತಮ್ಮ ಜಾಗ ಇದೇ ಎಂದು ಹೋಗಿ ನಿಂತರು, ಎಲ್ಲರ ಕೈಯೂ ಒಟ್ಟಿಗೆ ಮೊಳ ಹಾಕಿತು. ಸ್ವಾತಂತ್ರ್ಯ ದಿನದ ಕವಾಯತಿಗೆ ತಿಂಗಳುಗಟ್ಟಲೆ ಕಿರುಚಿದರೂ ನನಗೆ ಸಿಗದ ಸಾಲು ಅದು. ಮಂಜುನಾಥ ಮೆಲ್ಲಗೆ, "ಮಿಸ್, ನೀವು ನಮ್ಗೆ ಹೊಡೀದೇ ಇದ್ದಿದ್ರೂ ಆಗ್ತಿತ್ತು ಅನ್ಸುತ್ತೆ" ಅಂದ.

ತುಂಡು ಮುಗಿಯಿತು. ಹೊರಕ್ಕೆ ಓಡುವ ಗದ್ದಲದಲ್ಲಿ ಸಿರಿಯ ಕಾಲು ಮೆಟ್ಟಿಲಂಚಿಗೆ ಬಿದ್ದು ಮಡಚಿಕೊಂಡಿತು. ಬಿದ್ದಳು. ಅವಳ ಮೇಲೆ ಇನ್ನಿಬ್ಬರು ಬೀಳುವುದರಲ್ಲಿದ್ದರು. ನನ್ನ ಕೊರಳಲ್ಲಿ ತಾಳಿ ಇಲ್ಲದಿದ್ದರೂ ಸೀಟಿ ಇರುತ್ತದೆ. ಯೋಚಿಸುವ ಮೊದಲೇ ಅದು ಬಾಯಿಗೆ ಬಂದಿತ್ತು. ಊದಿದೆ ನೋಡಿ, ಚೌಕಕ್ಕೆ ಚೌಕವೇ ನಿಂತಿತು. ಕುಣಿಯುವವರು ನಿಂತರು, ಸೈಕಲ್ಲಿನವರು ನಿಂತರು, ಸ್ಪೀಕರಿನವನು ಹಾಡು ನಿಲ್ಲಿಸಿದ. ಸಂಬಂಧವೇ ಇಲ್ಲದ ಒಬ್ಬ ಮುದುಕ ಎರಡೂ ಕೈ ಮೇಲೆತ್ತಿದ.

ಹಚ್ಚೆಯ ಗಡ್ಡದವನು ಪಕ್ಕದ ಅಂಗಡಿಗೆ ಓಡಿ ಹೋಗಿ, ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ತಂದು ಸಿರಿಯ ಪಾದಕ್ಕೆ ಒತ್ತಿದ. ಹೆಸರೂ ಹೇಳದೆ ಹೋದ. ಆಸ್ಪತ್ರೆಯಲ್ಲಿ, ಕಣಕಾಲಿನ ಸಣ್ಣ ಮೂಳೆ ಬಿರುಕು ಬಿಟ್ಟಿದೆ ಎಂದು ಹೇಳಿ ಗಗನಯಾತ್ರಿಗಳ ಬೂಟಿನಂಥದ್ದನ್ನು ತೊಡಿಸಿ, ಎರಡು ಊರುಗೋಲು ಕೊಟ್ಟರು. ಮೂಳೆಯ ನೋವಿಗೆ ಸಿರಿ ಅತ್ತಿರಲಿಲ್ಲ. ಕಾರಿನಲ್ಲಿ ಕೂತ ಮೇಲೆ, "ದೊಡ್ಡಮ್ಮ, ಅಡಿಲೇಡ್..." ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು.

ಗೀತಾ ಫೋನಿನಲ್ಲಿ ಕೂಗಾಡಿದಳು. "ಸೀದಾ ವಾಪಸ್ ಕರ್ಕೊಂಡ್ಬಾ! ಕಾಲು ಮುರ್ಕೊಂಡು ಇನ್ನ್ಯಾವ ಡ್ಯಾನ್ಸು?"

"ಆಡಕ್ಕಲ್ಲ, ನೋಡಕ್ಕೆ" ಅಂದೆ. "ಗಾಯ ಆದ ಆಟಗಾರರು ಮನೆಗೆ ಹೋಗಲ್ಲ. ಬೆಂಚಲ್ಲಿ ಕೂತ್ಕೊಳ್ತಾರೆ. ಅದು ನಿಯಮ."

ಅಂಥ ನಿಯಮವೇನೂ ಇಲ್ಲ. ಗೀತಾ ಆಟ ಆಡಿದವಳಲ್ಲ, ನಂಬಿದಳು.

ಮಾಸನ್ ಲೇಕ್ಸ್: ಖಾಲಿ ಬಿಡಬಾರದು

ಅಡಿಲೇಡಿನ ಹೊರಗೆ ಮಾಸನ್ ಲೇಕ್ಸ್ ಎಂಬಲ್ಲಿ ಲಿನ್‌ಳ ತಾಯಿ ಒಂದು ಮನೆ ಹಿಡಿದಿದ್ದರು. ಪಕ್ಕದಲ್ಲೇ ವಿಶ್ವವಿದ್ಯಾಲಯ. ರಜೆಯಾದ್ದರಿಂದ ಕಟ್ಟಡಗಳೆಲ್ಲ ಖಾಲಿ, ಗಾಜಿಗೇನೂ ಬರವಿಲ್ಲ. ಲಿನ್‌ಳ ತಾಯಿಗೂ ನನಗೂ ನಡುವೆ ಭಾಷೆಯಿರಲಿಲ್ಲ. ಅವರು ಫ್ಲಾಸ್ಕಿನಿಂದ ಶ್ಯಾವಿಗೆ ಸಾರು ಬಗ್ಗಿಸಿ ಕೊಡುತ್ತಿದ್ದರು, ನಾನು ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದೆ. ಎರಡನೇ ದಿನ ಅವರೂ ಬಟ್ಟಲು ಮುಂದೆ ಮಾಡಿದರು.

ಉಳಿದದ್ದು ನಾಲ್ವರು. ಹಾಡು ಐವರದು. ಏನು ಮಾಡಬೇಕು?

ಲಿನ್ ಹೇಳಿದ್ದು ನನಗೆ ತಲೆಬುಡ ತಿಳಿಯಲಿಲ್ಲ. ಕೊರಿಯಾದ ತಂಡಗಳಲ್ಲಿ ಒಬ್ಬಳಿಗೆ ಹುಷಾರಿಲ್ಲದಿದ್ದರೆ ಕೆಲವು ಸಲ ಉಳಿದವರು ಅವಳ ಜಾಗವನ್ನು ಹಾಗೇ ಬಿಟ್ಟು ಕುಣಿಯುತ್ತಾರಂತೆ. ಅವಳು ನಿಲ್ಲಬೇಕಾದ ಕಡೆ ಬರೀ ನೆಲ. ಅಭಿಮಾನಿಗಳು ಆ ಜಾಗ ನೋಡಿ ಅವಳ ಹೆಸರು ಕೂಗುತ್ತಾರಂತೆ. "ಹಾಗಾಗಿ ಆಂಟಿ, ಸಿರಿಯ ಜಾಗ ಖಾಲಿ ಬಿಡ್ತೀವಿ."

"ಬಿಟ್ರೆ ಸೋಲ್ತೀರಿ" ಅಂದೆ. "ತೀರ್ಪುಗಾರರು ಸಾಲು ನೋಡ್ತಾರೆ. ಸಾಲಲ್ಲಿ ತೂತು ಇದ್ರೆ ಅಂಕ ಹೋಗುತ್ತೆ. ನಾನೂ ತಾಲೂಕು ಮಟ್ಟದಲ್ಲಿ ಅಂಕ ಹಾಕಿದವಳೇ."

"ಸೋತ್ರೆ ಸೋತ್ವಿ."

ಈ ಮಾತು ನನ್ನನ್ನು ಕೆರಳಿಸಿತು. ಸೋತ್ರೆ ಸೋತ್ವಿ! ನಾನು ಆ ಮೆಡಲ್ ಗೆಲ್ಲದಿದ್ದರೆ ಇವತ್ತು ಅಮ್ಮನ ಪಕ್ಕ ಕೂತು ಹೂವು ಕಟ್ಟುತ್ತಿದ್ದೆ. "ನಮ್ಮ ಕಾಲದಲ್ಲಿ ಸೋತವರಿಗೆ ಕಾಲೇಜಲ್ಲಿ ಸೀಟ್ ಸಿಗ್ತಿರಲಿಲ್ಲಮ್ಮ" ಅಂದೆ.

ಲಿನ್ ಮರ್ಯಾದೆಯಿಂದಲೇ ಉತ್ತರಿಸಿದಳು. "ಆಂಟಿ, ಇಲ್ಲಿ ಗೆದ್ದವರಿಗೂ ಸೀಟ್ ಸಿಗಲ್ಲ. ಒಂದು ಪ್ಲಾಸ್ಟಿಕ್ ಕಪ್ಪು, ಬಬಲ್ ಟೀ ಕೂಪನ್ನು."

ನನ್ನ ಪಕ್ಷ ಹಿಡಿದವಳು ಸಿರಿ. ಊರುಗೋಲನ್ನು ನೆಲಕ್ಕೆ ಕುಟ್ಟಿ, "ದೊಡ್ಡಮ್ಮ ಹೇಳೋದು ಸರಿ. ಆರು ತಿಂಗಳು ಪ್ರಾಕ್ಟೀಸ್ ಮಾಡಿದೀರ. ನನ್ನಿಂದ ಸೋತ್ರಿ ಅಂತ ಆಗೋದು ನಂಗೆ ಬೇಡ. ನನ್ನ ಜಾಗ ತುಂಬಿ. ಪ್ಲೀಸ್" ಅಂದಳು. ನಾಲ್ವರೂ ತಲೆ ತಗ್ಗಿಸಿ ಒಪ್ಪಿದರು.

ಕೆಲಸಕ್ಕೆ ಇಳಿದೆ. ಖೋಖೋದಲ್ಲಿ ಬೆನ್ನಟ್ಟುವವಳು ಕೂತವಳ ಬೆನ್ನು ತಟ್ಟಿ "ಖೋ" ಅನ್ನುತ್ತಾಳೆ. ಕೂತವಳು ಎದ್ದು ಓಡುತ್ತಾಳೆ, ತಟ್ಟಿದವಳು ಅವಳ ಜಾಗದಲ್ಲಿ ಕೂರುತ್ತಾಳೆ. ಜಾಗ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ. ಅದನ್ನೇ ಇಲ್ಲಿಗೆ ತಂದೆ. ಸಿರಿಯ ಜಾಗ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಹಿಂದಿನವಳು ಸರಿದು ಬರಬೇಕು, ಅವಳ ಹಿಂದಿನದನ್ನು ಅಂಚಿನವಳು ಮುಚ್ಚಬೇಕು. ನಾನು "ಖೋ!" ಎಂದು ಕೂಗುವುದು, ಅವರು ಜಾರುವುದು. ಕೊರಿಯನ್ ಹಾಡು, ಅರಸೀಕೆರೆಯ ಖೋ, ವಿಶ್ವವಿದ್ಯಾಲಯದ ಗಾಜು. ಎರಡನೇ ದಿನದ ಹೊತ್ತಿಗೆ ಆ ಕುಣಿತ ನಾಲ್ವರಿಗೆಂದೇ ಹುಟ್ಟಿದ ಹಾಗಿತ್ತು. ಎಲ್ಲೂ ಬಿರುಕಿಲ್ಲ. ಆ ಎರಡು ಸಾಲಿಗೆ ಲಿನ್ ನಡುವಿಗೆ ಬಂದು ನಿಂತಳು, ಅಚ್ಚುಕಟ್ಟಾಗಿ ಮಾಡಿದಳು.

ನಾನು ಹೆಮ್ಮೆಯಿಂದ ಸಿರಿಯ ಕಡೆ ನೋಡಿದೆ. ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಮುಖ ಮಾತ್ರ ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿಯದು. ತಾನು ಇಲ್ಲದಿದ್ದರೂ ಏನೂ ಕಡಿಮೆಯಾಗದು ಎನ್ನುವುದನ್ನು ನಾನು ಎರಡೇ ದಿನದಲ್ಲಿ ಅವಳ ಕಣ್ಣೆದುರೇ ಮಾಡಿ ತೋರಿಸಿದ್ದೆ. ಅವಳೇ ಕೇಳಿದ್ದು, ನಿಜ. ಕೇಳಿದ್ದು ಸಿಕ್ಕಿದಾಗ ಎಲ್ಲರಿಗೂ ಸಂತೋಷವಾಗುತ್ತದೆ ಅಂತೇನಿಲ್ಲ.

ಸಾಲು ಕೂಡಿಸುವುದು ನನಗೆ ಗೊತ್ತು. ಕೂಡಿಸಿದ್ದನ್ನು ಬಿಚ್ಚುವುದು ಯಾರೂ ಕಲಿಸಿರಲಿಲ್ಲ.

ಅಡಿಲೇಡ್: ಎರಡು ಸಾಲು

ರೈಲಿನಲ್ಲಿ ಊರೊಳಗೆ ಹೋದೆವು. ಸಭಾಂಗಣ ತುಂಬಿತ್ತು. ಪ್ರೇಕ್ಷಕರ ಕೈಯಲ್ಲೆಲ್ಲ ಬಣ್ಣದ ದೀಪದ ಕೋಲುಗಳು, ನಮ್ಮ ದೀಪೋತ್ಸವದ ಹಾಗೆ. ಕೂಗುವುದಕ್ಕೂ ಇವರಲ್ಲಿ ಶಿಸ್ತು ಇದೆ. ಹಾಡಿನ ಯಾವ ಬಿಡುವಿನಲ್ಲಿ ಯಾರ ಹೆಸರು ಕೂಗಬೇಕು ಎನ್ನುವುದು ಮೊದಲೇ ನಿಗದಿ. ನಾನು ಬಿಡುವು ಗೊತ್ತಾಗದೆ ಬೇರೆ ತಂಡವೊಂದಕ್ಕೆ ನಡುವೆ "ಶಭಾಷ್!" ಎಂದುಬಿಟ್ಟೆ. ಮುಂದಿನ ಸಾಲಿನ ಹುಡುಗಿ ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಮೂವತ್ತು ವರ್ಷ ಮಕ್ಕಳಿಗೆ "ಸೈಲೆನ್ಸ್" ಹೇಳಿದ ಬಾಯಿ ಅವತ್ತು ಮುಚ್ಚಿಕೊಂಡಿತು.

ಸಿರಿಗೆ ಊರುಗೋಲಿದ್ದದ್ದರಿಂದ ವೇದಿಕೆಯ ಎದುರಿಗೇ, ಅಂಚಿನಲ್ಲಿ ಕುರ್ಚಿ ಕೊಟ್ಟಿದ್ದರು. ನಾನು ಪಕ್ಕದಲ್ಲಿ. ನಮ್ಮ ತಂಡದ ಹೆಸರು ಕೂಗಿದರು. ನಾಲ್ವರು ಬಂದರು. ಹಾಡು ಶುರುವಾಯಿತು.

ನಾನು ಬಾಯೊಳಗೇ ಖೋ, ಖೋ ಅಂದುಕೊಳ್ಳುತ್ತಿದ್ದೆ. ಪ್ರತಿ ಖೋಗೂ ಜಾಗ ತುಂಬಿತು. ಮೊಳ ಹಾಕಿದ ಕೈಗಳು ಒಂದೇ ಕೈಯಂತೆ ಎದ್ದವು. ಹಿಂದೆ ಯಾರೋ "ಇವರು ನಾಲ್ವರೇ ಅಂತ ಗೊತ್ತೇ ಆಗ್ತಿಲ್ಲ" ಅಂದರು. ಗೆದ್ದೆವು ಅಂದುಕೊಂಡೆ. ನನ್ನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಗೆದ್ದಾಗಿತ್ತು.

ವಾದ್ಯ ನಿಂತಿತು. ಆ ಎರಡು ಸಾಲು. ಲಿನ್ ನಡುವಿಗೆ ಬರಬೇಕು.

ಬರಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಉಳಿದ ಮೂವರೂ ಸರಿದರು. ಇಬ್ಬರು ಈ ಕಡೆ, ಇಬ್ಬರು ಆ ಕಡೆ, ಮೊಣಕಾಲೂರಿ, ಮುಖವನ್ನು ನಡುವಿನ ಬರಿಯ ನೆಲದ ಕಡೆ ತಿರುಗಿಸಿ ಕೂತರು. ಮೇಲಿನ ದೀಪದ ಒಂದು ದುಂಡನೆ ಬೆಳಕು ಆ ನೆಲದ ಮೇಲೆ ಬಿದ್ದಿತ್ತು. ಒಂದು ಹೆಣ್ಣುದನಿ ಕೊರಿಯನ್ ಭಾಷೆಯಲ್ಲಿ ಹಾಡುತ್ತಿದೆ, ಕುಣಿಯುವವರು ಯಾರೂ ಇಲ್ಲ.

"ಈಡಿಯಟ್ಸ್!" ಎಂದಳು ಸಿರಿ ಪಕ್ಕದಲ್ಲಿ. ಅಂದವಳ ಕತ್ತು ನಿಮಿರಿತ್ತು. ಬೂಟಿನ ಕಾಲು ಮುಂದೆ ಚಾಚಿಕೊಂಡೇ, ಕುರ್ಚಿಯಲ್ಲಿ ಕೂತೇ, ಅವಳ ಕೈ ಮೊಳ ಹಾಕುತ್ತಿತ್ತು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಆ ಬೆಳಕನ್ನು. ಆ ಜನಕ್ಕೆ ಖಾಲಿ ಜಾಗದ ಭಾಷೆ ಗೊತ್ತಿತ್ತು. ವೇದಿಕೆಯ ಮೇಲಿಂದ ನಾಲ್ವರೂ ಒಟ್ಟಿಗೆ "ಸಿರಿ!" ಎಂದು ಕೂಗಿದರು, ಮರುಗಳಿಗೆ ಸಭಾಂಗಣವೇ ಕೂಗಿತು. ನಾಲಿಗೆ ಹೊರಳದವರೂ ಕೂಗಿದರು. ಆಮೇಲೆ ವಾದ್ಯಗಳು ಧುಮುಕಿದವು, ನಾಲ್ವರೂ ಚಿಮ್ಮಿ ಎದ್ದರು, ಹಾಡು ಮುಗಿಯಿತು.

ಬಹುಮಾನ ಮೂರು. ನಮ್ಮವರು ನಾಲ್ಕನೆಯವರು. ತೀರ್ಪುಗಾರರಲ್ಲಿ ಒಬ್ಬ ಯುವಕ ಮೈಕಿನಲ್ಲಿ, ಜಾಗ ಬದಲಾವಣೆಯಲ್ಲಿ ಈ ತಂಡವೇ ಇವತ್ತು ಎಲ್ಲರಿಗಿಂತ ಮೇಲು, ಆದರೆ ಅತಿ ಮುಖ್ಯವಾದ ಕಡೆ ವೇದಿಕೆ ಖಾಲಿ ಬಿಟ್ಟದ್ದಕ್ಕೆ ಅಂಕ ಕಳೆಯಲೇಬೇಕಾಯಿತು ಎಂದ. ನ್ಯಾಯವಾದ ಮಾತು. ನಾನಿದ್ದರೂ ಕಳೆಯುತ್ತಿದ್ದೆ.

ಹೊರಗೆ ಬಂದ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಬೈದೆ. "ಕೈಗೆ ಬಂದದ್ದನ್ನ ಬಿಟ್ಟುಬಿಟ್ರಲ್ಲ! ಎರಡೇ ಸಾಲು! ಎರಡು ದಿನ ಗಂಟಲು ಹರ್ಕೊಂಡಿದ್ದು ಇದಕ್ಕಾ?" ಕೋಪದಲ್ಲಿ ಅರ್ಧ ಕನ್ನಡದಲ್ಲೇ ಬೈದಿದ್ದೆ. ಅವರು ತಲೆ ತಗ್ಗಿಸಿ ನಿಂತು ಪೂರ್ತಿ ಬೈಸಿಕೊಂಡರು. ಲಿನ್ ಕೊನೆಗೆ, "ಸಾರಿ ಆಂಟಿ. ಉಳಿದದ್ದೆಲ್ಲ ನೀವು ಹೇಳಿದ ಹಾಗೇ ಮಾಡಿದ್ವಿ" ಅಂದಳು. ಆ ಮಾತಿನಲ್ಲಿ ಸಾರಿ ಎಷ್ಟಿತ್ತೋ. ಅವಳ ತಾಯಿ ನನ್ನ ಕೈಗೆ ಫ್ಲಾಸ್ಕಿನ ಮುಚ್ಚಳದ ತುಂಬ ಸಾರು ಕೊಟ್ಟು ಬಾಯಿ ಮುಚ್ಚಿಸಿದರು.

ವಾಪಸ್ ರೈಲಿನಲ್ಲಿ ನಾಲ್ವರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಸಿರಿ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ನೋಡುತ್ತಿದ್ದಳು. ನಾನು ಕಷ್ಟಪಟ್ಟು ಕೂಡಿಸಿದ್ದ ಸಾಲುಗಳು ಬಂದಾಗಲೆಲ್ಲ ಬೆರಳಿನಿಂದ ಸರ್ರನೆ ಮುಂದಕ್ಕೆ ಓಡಿಸುತ್ತಿದ್ದಳು. ಆ ಎರಡು ಸಾಲಿಗೆ ಬಂದು ನಿಲ್ಲಿಸಿದಳು. ನೋಡಿದಳು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ನಾನು ಬಗ್ಗಿದೆ. ಪರದೆಯ ಮೇಲೆ ದುಂಡನೆ ಬೆಳಕು, ವೇದಿಕೆಯ ಬರಿಯ ಹಲಗೆ.

"ಇದು ನಾನು, ದೊಡ್ಡಮ್ಮ" ಎಂದು ಆ ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಚೆನ್ನಾಗ್ ಬಂದಿದೀನಿ ಅಲ್ವಾ?"

ನಾನು ಕನ್ನಡಕ ಸರಿ ಮಾಡಿಕೊಂಡು ನೋಡಿದೆ. "ಹ್ಞೂಂ" ಅಂದೆ. "ಇನ್ನೊಂದ್ ಸಲ ಹಾಕು."